ಕಣ್ಣೀರನ್ನು ನಿಲ್ಲಿಸಿದ ಸೀಸೆ

ಹೊಲದಲ್ಲಿ ಮೆಣಸಿನಕಾಯಿ ಕೆಂಪಾಗಿ, ಒಣಗಿಸುವ ಶೆಡ್ಡಿಗೆ ಬರತೊಡಗಿತೆಂದರೆ, ಎರಡು ದೇಶಗಳ ಗಡಿಯಲ್ಲಿ ಹರಿಯುವ ರಿಯೊ ಗ್ರಾಂಡೆ ನದಿಯ ಆ ಕಣಿವೆಯಲ್ಲಿ ಹೆಂಗಸರ ಕಣ್ಣಿಗೆ ಕಷ್ಟಕಾಲ ಬಂತೆಂದೇ ಅರ್ಥ. ಬಿಸಿಗಾಳಿಯ ಕೋಣೆಯಲ್ಲಿ ಗರಿಗರಿಯಾದ ಕಾಯಿ ಉದ್ದನೆಯ ರಬ್ಬರ್ ಪಟ್ಟಿಯ ಮೇಲೆ ಬಿದ್ದು ಗಲಗಲ ಸದ್ದು ಮಾಡುತ್ತ ಸಾಗುತ್ತದೆ. ಪಟ್ಟಿಯ ಎರಡೂ ಬದಿಗೆ ಹೆಂಗಸರು. ತೊಟ್ಟು ಮುರಿಯಬೇಕು, ಕಪ್ಪು ಹಿಡಿದದ್ದನ್ನು ಎತ್ತಿ ಎಸೆಯಬೇಕು, ಕಲ್ಲುಕಡ್ಡಿ ಆರಿಸಬೇಕು. ಪುಡಿ ಮಂಜಿನ ಹಾಗೆ ಏಳುತ್ತದೆ. ಮೂಗು ಉರಿ, ಗಂಟಲು ಉರಿ, ಎಲ್ಲಕ್ಕಿಂತ ಮೊದಲು ಕಣ್ಣು ಉರಿ. ಆ ಪುಡಿಯನ್ನು ಹೀರಿ ಹೊರಗೆ ಹಾಕಲೆಂದು ಗೋಡೆಯಲ್ಲಿ ಒಂದು ದೊಡ್ಡ ಫ್ಯಾನು ಇತ್ತು. ಅದು ಕೆಟ್ಟು, ಅದರ ರೆಕ್ಕೆಗಳ ನಡುವೆ ಗುಬ್ಬಚ್ಚಿ ಸಂಸಾರ ಹೂಡಿತ್ತು. ಪಟ್ಟಿ ಮಾತ್ರ ಒಂದು ದಿನವೂ ಕೆಟ್ಟು ನಿಂತದ್ದಿಲ್ಲ. ಪಟ್ಟಿ ಕೆಟ್ಟರೆ ಮಾಲೀಕನಿಗೆ ನಷ್ಟ. ಫ್ಯಾನು ಕೆಟ್ಟರೆ ಹೆಂಗಸರಿಗೆ ತಾನೆ?

ಕಣ್ಣು ತುಂಬಿದರೆ ಕಾಯಿ ಕಾಣುವುದಿಲ್ಲ. ಕಾಯಿ ಕಾಣದಿದ್ದರೆ ಕಲ್ಲು ಮುಂದಕ್ಕೆ ಹೋಗುತ್ತದೆ. ಕಲ್ಲು ಹೋದರೆ ಮೇಸ್ತ್ರಿ ಬುಲ್ಮಾರೊ ಬರುತ್ತಾನೆ. ಅಳುವುದಿದ್ದರೆ ಮನೆಯಲ್ಲಿ ಅತ್ತು ಬನ್ನಿ ಎಂಬುದು ಅವನ ಬೆಳಗಿನ ನಮಸ್ಕಾರ.

ಇದಕ್ಕೊಂದು ಉಪಾಯ ಹುಡುಕಿದವಳು ಒಟಿಲಿಯಾ. ಪಟ್ಟಿಯ ತಲೆಗೆ ನಿಲ್ಲುವ ಹಿರಿಯಳು ಅವಳು. ಸಾಲಿನಲ್ಲಿ ಯಾರಿಗೆ ತಲೆನೋವು, ಯಾರ ಮಗುವಿಗೆ ಜ್ವರ, ಯಾರ ಗಂಡ ಮತ್ತೆ ಕುಡಿಯಲು ಶುರುಮಾಡಿದ ಎಂಬುದೆಲ್ಲ ಅವಳಿಗೆ ಗೊತ್ತು. ಗಡಿಯ ಆಚೆಯಿಂದ ಔಷಧ ತಂದು ಭಾನುವಾರದ ಸಂತೆಯಲ್ಲಿ ಮಾರುವ ಒಬ್ಬಳ ಹತ್ತಿರ ಅವಳಿಗೆ ಒಂದು ಹನಿ ಸಿಕ್ಕಿತು. ಕಣ್ಣಿಗೆ ಬಿಟ್ಟರೆ ಸಾಕು, ಉರಿ ಮಾಯ, ನೀರು ಮಾಯ. ಅದು ಕಣ್ಣನ್ನು ಮರಗಟ್ಟಿಸುವ ಹನಿ, ಆಪರೇಷನ್ನಿನ ಹೊತ್ತಿನಲ್ಲಿ ವೈದ್ಯರು ಮಾತ್ರ ಹಾಕಬೇಕಾದದ್ದು ಎಂದು ಸಂತೆಯವಳು ಹೇಳಲಿಲ್ಲ. ಒಟಿಲಿಯಾ ಕೇಳಲೂ ಇಲ್ಲ. ಬದಲಿಗೆ ಅದನ್ನು ಇನ್ನಷ್ಟು ಒಳ್ಳೆಯದು ಮಾಡಲು ಹೊರಟಳು. ತೀರಿಕೊಂಡ ಗಂಡನ ಕಣ್ಣಿನ ಆಪರೇಷನ್ನಿಗೆಂದು ಕೊಟ್ಟಿದ್ದ ರೋಗಾಣು ಕೊಲ್ಲುವ ಔಷಧ ಮನೆಯಲ್ಲಿ ಉಳಿದಿತ್ತು. ಅದನ್ನೂ ಅದೇ ಸೀಸೆಗೆ ಬೆರೆಸಿದಳು. ಸೀಸೆ ಮುಗಿಯುತ್ತ ಬಂದಾಗ ಹೊಸದನ್ನು ತಂದು ಅದಕ್ಕೇ ಸುರಿದಳು. ಒಂದು ಹನಿಯೂ ಹಾಳಾಗಬಾರದು ಎಂಬುದು ಅವಳ ಲೆಕ್ಕ.

ಹೆಂಗಸರು ಆ ಸೀಸೆಗೆ 'ಚಿಕ್ಕಮ್ಮ' ಎಂದು ಹೆಸರಿಟ್ಟರು. "ಚಿಕ್ಕಮ್ಮನ್ನ ಈ ಕಡೆ ಕಳ್ಸಿ" ಎಂದರೆ ಸೀಸೆ ಕೈಯಿಂದ ಕೈಗೆ ಬರುತ್ತಿತ್ತು. ಅದರ ಮೂತಿ ಒಬ್ಬೊಬ್ಬರ ರೆಪ್ಪೆಗೂ ತಾಗಿ ಮುಂದಿನವಳ ರೆಪ್ಪೆಗೆ ಹೋಗುತ್ತಿತ್ತು. ಬೇಡ ಎಂದವಳಿಗೆ ಜಂಬದವಳೆಂಬ ಹೆಸರು ಗ್ಯಾರಂಟಿ. ತಟ್ಟೆಯಲ್ಲಿ ಬಡಿಸಿದ ಊಟ ತಳ್ಳಿದಂತೆ, ಅಕ್ಕತಂಗಿಯರು ಹಂಚಿಕೊಂಡದ್ದನ್ನು ಬೇಡವೆನ್ನುವುದು ಆ ಸಾಲಿನಲ್ಲಿ ಯಾರಿಗೂ ಆಗದ ಮಾತು. ಒಟಿಲಿಯಾ ಮಾತ್ರ ತನ್ನ ಸರದಿ ಬಂದಾಗ ಹೆಚ್ಚಾಗಿ ಅದನ್ನು ತಂಗಿ ಚೆಲೋಗೆ ಬಿಟ್ಟುಕೊಟ್ಟು, ತಾನು ಬಟ್ಟೆಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಕೆಲಸ ಮಾಡುತ್ತಿದ್ದಳು. ತಂಗಿಯ ಕಣ್ಣು ನೆಟ್ಟಗಿರಲಿ ಎಂದು. ಯಾಕೆಂದರೆ ಸಾಲಿನ ಹೆಂಗಸರನ್ನೆಲ್ಲ ಬೆಳಗಾಗುತ್ತಲೇ ವ್ಯಾನಿನಲ್ಲಿ ಕೂರಿಸಿಕೊಂಡು, ಕಾಲುವೆಯ ಏರಿಯ ಮೇಲಿನ ಕಿರಿದಾದ ದಾರಿಯಲ್ಲಿ ಶೆಡ್ಡಿಗೆ ತರುವವಳು ಚೆಲೊ. ಅವರಲ್ಲಿ ಗಾಡಿ ಓಡಿಸಲು ಬರುತ್ತಿದ್ದದ್ದು ಅವಳೊಬ್ಬಳಿಗೆ.

ಒಂದು ದಿನ ಬೆಳಿಗ್ಗೆ ಕಾಲುವೆಯ ಸೇತುವೆಯ ಕಂಬಕ್ಕೆ ವ್ಯಾನಿನ ಬಲಗಡೆ ಉಜ್ಜಿ, ಕನ್ನಡಿ ಕಿತ್ತು ನೀರಿಗೆ ಬಿತ್ತು. ಒಳಗೆ ಕೂತವರ ಜೀವ ಬಾಯಿಗೆ ಬಂತು. ಕಂಬ ಕಾಣಲಿಲ್ಲ, ಬಲಗಣ್ಣು ಯಾಕೋ ಮಂಜುಮಂಜು ಎಂದಳು ಚೆಲೊ. ಒಟಿಲಿಯಾ ತಂಗಿಯ ಗಲ್ಲ ಹಿಡಿದು ನೋಡಿದಳು. ಕಣ್ಣು ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಾಗಿತ್ತು. ನೋವಿದೆಯಾ ಎಂದು ಕೇಳಿದಳು. ಸ್ವಲ್ಪವೂ ಇಲ್ಲ ಎಂದಳು ಚೆಲೊ. ಹಾಗಾದರೆ ಚಿಂತೆಯಿಲ್ಲ ಎಂದು ಅಕ್ಕ ಇನ್ನೆರಡು ಹನಿ ಹೆಚ್ಚಿಗೆ ಬಿಟ್ಟಳು.

ಅದೇ ಮಧ್ಯಾಹ್ನ ನಿಯೆವೆಸ್ ಬಂದಳು. ಪಕ್ಕದ ಊರಿನ ಬಡವರ ಚಿಕಿತ್ಸಾಲಯದ ಆರೋಗ್ಯ ಕಾರ್ಯಕರ್ತೆ. ಮೊದಲು ಅವಳೂ ಇದೇ ಶೆಡ್ಡಿನಲ್ಲಿ ತೊಟ್ಟು ಮುರಿದವಳೇ. ಊಟದ ಹೊತ್ತಿಗೆ ಬಂದು, ಲಾರಿಗಳ ನೆರಳಿನಲ್ಲಿ ಕೂತ ಹೆಂಗಸರ ಜೊತೆ ತಾನೂ ರೊಟ್ಟಿ ಬಿಚ್ಚಿ ತಿನ್ನುತ್ತ, ಸಕ್ಕರೆ ಕಾಯಿಲೆ, ಎದೆಯ ಗಂಟು, ಮಕ್ಕಳ ಲಸಿಕೆ ಅಂತ ಮಾತು ತೆಗೆಯುವುದು ಅವಳ ರೂಢಿ. ಆ ದಿನ ಅವಳ ಕಣ್ಣು ಚೆಲೋಳ ಕಣ್ಣಿನ ಮೇಲೆ ಬಿತ್ತು. ರೊಟ್ಟಿ ಕೆಳಗಿಟ್ಟಳು.

"ಯಾವಾಗಿಂದ ಹೀಗಿದೆ?"

ಎರಡು ಮೂರು ದಿನದಿಂದ ಎಂದು ಚೆಲೊ ತೊದಲಿದಳು. ನೋವಿಲ್ಲ, ನೀರೂ ಬರುತ್ತಿಲ್ಲ, ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದಾಳೆ ಎಂದು ಒಟಿಲಿಯಾ ಉತ್ತರ ಕೊಟ್ಟು ಸೀಸೆ ತೋರಿಸಿದಳು. ನಿಯೆವೆಸ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚೀಟಿ ಅಳಿಸಿಹೋಗಿತ್ತು. ಮೂತಿಗೆ ಕೆಂಪು ಕಿಟ್ಟ ಕಟ್ಟಿತ್ತು. ಇದರಲ್ಲಿ ಏನೇನಿದೆ ಎಂದು ಕೇಳಿದಳು. ಒಟಿಲಿಯಾ ಹೆಮ್ಮೆಯಿಂದಲೇ ಎಲ್ಲ ಹೇಳಿದಳು, ಸಂತೆಯ ಹನಿ, ಗಂಡನ ಔಷಧ, ಹಳತರ ಮೇಲೆ ಹೊಸತು ಸುರಿಯುವುದು.

"ನೋವಿಲ್ಲ ಅಂತೀರಲ್ಲ, ನಂಗೆ ಭಯ ಆಗ್ತಿರೋದೇ ಅದಕ್ಕೆ ಅಕ್ಕಾ," ಎಂದಳು ನಿಯೆವೆಸ್. "ಅಷ್ಟು ಕೆಂಪಾದ ಕಣ್ಣು ನೋಯ್ಬೇಕು. ಇವತ್ತೇ ಇವಳನ್ನ ಡಾಕ್ಟರಿಗೆ ತೋರಿಸ್ಬೇಕು. ಈಗಲೇ."

ಈಗಲೇ ಎಂದರೆ ಅರ್ಧ ದಿನದ ಕೂಲಿ ಹೋದಂತೆ. ಚೆಲೊ ಹೋದರೆ ಸಂಜೆ ವ್ಯಾನು ಓಡಿಸುವವರಿಲ್ಲ. ಬುಲ್ಮಾರೊ ಅವಳ ಜಾಗಕ್ಕೆ ನಾಳೆಯೇ ಬೇರೆಯವಳನ್ನು ನಿಲ್ಲಿಸುತ್ತಾನೆ. ಇದನ್ನೆಲ್ಲ ಒಟಿಲಿಯಾ ಒಂದೇ ಉಸಿರಿನಲ್ಲಿ ಹೇಳಿದಳು. ಸಾಲಿನಲ್ಲಿ ಕಾಗದಪತ್ರ ಇಲ್ಲದೆ ಗಡಿ ದಾಟಿ ಬಂದವರೂ ಇದ್ದರು, ಆಸ್ಪತ್ರೆ ಎಂದರೆ ಅವರಿಗೆ ಪೊಲೀಸ್ ಠಾಣೆಯಷ್ಟೇ ದೂರ. ನಮ್ಮಲ್ಲಿ ಯಾರ ಕಾಗದವನ್ನೂ ಕೇಳುವುದಿಲ್ಲ, ಕಣ್ಣು ಮಾತ್ರ ನೋಡುತ್ತಾರೆ ಎಂದು ನಿಯೆವೆಸ್ ಅವರಿಗೆ ಎಷ್ಟನೆಯದೋ ಸಲ ಹೇಳಿದಳು. ಆಮೇಲೆ ಒಟಿಲಿಯಾಳ ಕಡೆ ತಿರುಗಿ, ಈ ಸೀಸೆ ನಿಲ್ಲಿಸಿರುವುದು ಉರಿಯನ್ನಲ್ಲ, ಕಣ್ಣಿನ ಕಾವಲನ್ನು ಎಂದಳು.

"ಯಾವ ಕಾವಲು?"

"ಕಣ್ಣೀರು."

ಟೊಮಾಸಾ ಎಂಬ ಮುದುಕಿ ನಕ್ಕಳು. ಸಾಲಿನಲ್ಲಿ ಅವಳ ನಾಲಿಗೆಗೆ ಸಿಗದವರಿಲ್ಲ. ಕಣ್ಣೀರೇ ಕಾವಲಾದರೆ ನನ್ನ ಸೊಸೆಯನ್ನು ಸೈನ್ಯಕ್ಕೆ ಸೇರಿಸಬಹುದು, ಬೆಳಗಿಂದ ಸಂಜೆವರೆಗೆ ಸುರಿಸುತ್ತಾಳೆ ಎಂದಳು. ಎಲ್ಲರೂ ನಕ್ಕರು. ಒಟಿಲಿಯಾ ನಗಲಿಲ್ಲ.

"ನಾನು ಗಂಡ ಸತ್ತಾಗ ಅತ್ತಷ್ಟು ಈ ಕಣಿವೇಲಿ ಯಾರೂ ಅತ್ತಿಲ್ಲ," ಎಂದಳು. "ಆ ನೀರಲ್ಲಿ ಔಷಧಿ ಇದ್ದಿದ್ರೆ ನಂಗೆ ನೆಗಡೀನೂ ಬರ್ಬಾರದಿತ್ತು. ಅಳು ಯಾರನ್ನ ಕಾಪಾಡಿದೆ ಹೇಳು. ಅಳೋರನ್ನ ಕಂಡ್ರೆ ಮೇಸ್ತ್ರಿ ಇನ್ನೊಂದು ಮೂಟೆ ಸುರೀತಾನೆ, ಅಷ್ಟೆ."

ನಿಯೆವೆಸ್ ಕೋಪಿಸಿಕೊಳ್ಳಲಿಲ್ಲ. ನೆಗಡಿಗೆ ಕಣ್ಣೀರು ಮದ್ದಲ್ಲ, ಅದು ಕಾಯುವುದು ಕಣ್ಣನ್ನು ಎಂದಳು. ಕಣ್ಣೀರು ಇರುವುದು ನಾವು ಅತ್ತಾಗ ಮಾತ್ರವಲ್ಲ. ಎಚ್ಚರವಿರುವಷ್ಟು ಹೊತ್ತೂ ತೆಳ್ಳಗೆ ಕಣ್ಣಿನ ಮೇಲೆ ಹರಡಿಕೊಂಡಿರುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗ ನೆಲ ಒರೆಸಿದ ಹಾಗೆ ಕಸವನ್ನು ಮೂಲೆಗೆ ತಳ್ಳುತ್ತದೆ.

"ಅದು ಬರೀ ಉಪ್ಪು ನೀರಲ್ಲ ಅಕ್ಕಾ. ಅದರೊಳಗೆ ಒಂದು ವಸ್ತು ಇದೆ, ಲೈಸೋಜೈಮ್ ಅಂತಾರೆ. ಅದು ರೋಗಾಣುವಿನ ಮೈಗೋಡೆ ಒಡೆದು ಹಾಕತ್ತೆ. ಇನ್ನೊಂದಿದೆ, ಅದು ರೋಗಾಣು ಬದುಕೋಕೆ ಬೇಕಾದ ಕಬ್ಬಿಣದಂಶಾನ ಮೊದಲೇ ಕಸ್ಕೊಂಡು ಉಪವಾಸ ಕೆಡವತ್ತೆ. ಹೀಗೇ ಇನ್ನೂ ಕೆಲವು. ಒಂದು ಔಷಧಿಗೆ ಒಗ್ಗಿಕೊಳ್ಳೋ ರೋಗಾಣುಗೆ ಇಷ್ಟು ಜನ ಒಟ್ಟಿಗೆ ಮೇಲೆ ಬಿದ್ರೆ ತಪ್ಪಿಸ್ಕೊಳ್ಳೋದು ಕಷ್ಟ. ದೊಡ್ಡದೊಡ್ಡ ಔಷಧಿಗೂ ಬಗ್ಗದ ರೋಗಾಣುಗಳ ಮೇಲೆ ಇವು ಕೆಲಸ ಮಾಡ್ತಾವಾ ಅಂತ ವಿಜ್ಞಾನಿಗಳು ನೋಡ್ತಿದಾರೆ. ಅದರಿಂದ ಮಾತ್ರೆ ಮದ್ದು ಆಗೋಕೆ ಇನ್ನೂ ದೂರ ಇದೆ. ಆದ್ರೆ ನಿಮ್ಮ ಕಣ್ಣಿಗೆ ದೇವರು ಬಿಟ್ಟಿ ಕೊಟ್ಟಿದ್ದಕ್ಕೆ ನೀವೇ ದಿನಾ ಬೆಳಿಗ್ಗೆ ಬೀಗ ಹಾಕ್ತಿದೀರಿ."

ಒಟಿಲಿಯಾ ಬಾಯಿ ತೆರೆದಳು. ಇಂಥ ಬುದ್ಧಿವಾದ ಅವಳಿಗೆ ಹೊಸದಲ್ಲ. ಶೆಡ್ಡಿನ ಹೊರಗೆ ನಿಂತು ಒಳಗಿನವರಿಗೆ ಹೇಳುವುದು ಸುಲಭ ಎಂದು ಚುಚ್ಚಬೇಕೆಂದಿದ್ದಳು. ಅಷ್ಟರಲ್ಲಿ ಪಕ್ಕದ ಲಾರಿಯಿಂದ ಒಂದು ಮೂಟೆ ಜಾರಿ ದೊಪ್ಪನೆ ಬಿದ್ದು ಒಡೆಯಿತು. ಕೆಂಪು ಪುಡಿಯ ಮೋಡ ಎದ್ದು ಹೆಂಗಸರ ಮೇಲೆ ಕವಿಯಿತು. ಎಲ್ಲರೂ ಕೆಮ್ಮಿದರು, ಮುಖ ತಿರುಗಿಸಿದರು. ಊಟದ ಹೊತ್ತಿಗೆ ಚಿಕ್ಕಮ್ಮನ ಮಂಪರು ಇಳಿದಿದ್ದರಿಂದ ಎಲ್ಲರ ಕಣ್ಣಲ್ಲೂ ಬುಳುಬುಳು ನೀರು. ನಿಯೆವೆಸ್‌ಗೂ ಬಂತು, ಟೊಮಾಸಾಗೂ ಬಂತು.

ಒಟಿಲಿಯಾ ಕಣ್ಣು ಒರೆಸಿಕೊಂಡು ತಂಗಿಯ ಕಡೆ ನೋಡಿದಳು. ಚೆಲೋಳ ಎಡಗಣ್ಣು ಮುಚ್ಚಿಕೊಂಡು ನೀರು ಸುರಿಸುತ್ತಿತ್ತು. ಬಲಗಣ್ಣು ಅರೆ ತೆರೆದೇ ಇತ್ತು. ರೆಪ್ಪೆ ಬಡಿಯಲಿಲ್ಲ. ಒಣಗಿದ ಆ ಕಣ್ಣಿನ ಕಪ್ಪಿನ ಮೇಲೆ ಮೆಣಸಿನಕಾಯಿಯ ಒಂದು ಚೂರು ಕೂತಿತ್ತು, ಗೋಡೆಯ ಮೇಲೆ ಕೂತಂತೆ. ಅದರ ಪಕ್ಕದಲ್ಲಿ ಅಕ್ಕಿಯ ನುಚ್ಚಿನಷ್ಟು ಒಂದು ಬಿಳಿ ಚುಕ್ಕೆ.

"ಚೆಲೊ," ಎಂದಳು ಒಟಿಲಿಯಾ ಮೆಲ್ಲಗೆ, "ಕಣ್ಣಲ್ಲೇನೋ ಬಿದ್ದಿದೆ."

"ಎಡಗಡೇನಾ?"

ಮೆಣಸಿನಕಾಯಿ ಕಣ್ಣಿನ ಮೇಲೆ ಕೂತಿದೆ, ಕಣ್ಣಿಗೆ ಅದರ ಸುದ್ದಿಯೇ ಇಲ್ಲ. ಒಟಿಲಿಯಾ ಇನ್ನೇನೂ ವಾದಿಸಲಿಲ್ಲ. ತಂಗಿಯ ರಟ್ಟೆ ಹಿಡಿದು ಎಬ್ಬಿಸಿದಳು. ನಿಯೆವೆಸ್‌ಳ ಹಳೆಯ ಕಾರಿನ ಬಾಗಿಲು ತೆಗೆಯುವಾಗ ಬುಲ್ಮಾರೊ ಶೆಡ್ಡಿನ ಬಾಗಿಲಿನಿಂದ ಕೂಗಿದ, ಗಂಟೆ ಹೊಡೆದಿದೆ, ಎಲ್ಲಿಗೆ ಹೊರಟಿರಿ ಎಂದು. ಅವಳು ತಿರುಗಿ ನೋಡಲಿಲ್ಲ. ಅಷ್ಟು ವರ್ಷ ಪಟ್ಟಿಯ ತಲೆಗೆ ನಿಂತವಳು ಗಂಟೆ ಹೊಡೆದ ಮೇಲೆ ಶೆಡ್ಡಿಗೆ ಬೆನ್ನು ಹಾಕಿ ಹೋದದ್ದು ಅದೇ ಮೊದಲು.

ಚಿಕಿತ್ಸಾಲಯದ ವೈದ್ಯೆ ನೀಲಿ ಬೆಳಕಿನಲ್ಲಿ ಕಣ್ಣು ನೋಡಿ, ನಗರದ ದೊಡ್ಡಾಸ್ಪತ್ರೆಗೆ ಫೋನು ಹಚ್ಚಿ, ಆ ಸಂಜೆಯೇ ಅಲ್ಲಿಗೆ ಕಳುಹಿಸಿದಳು. ಅಲ್ಲಿ ಕಣ್ಣಿನಿಂದ ಸ್ವಲ್ಪ ಕೀವು ತೆಗೆದು, ಯಾವ ರೋಗಾಣು ಎಂದು ತಿಳಿಯಲು ಗಾಜಿನ ತಟ್ಟೆಯಲ್ಲಿ ಬೆಳೆಯಲು ಬಿಟ್ಟರು. ಆ ಸೀಸೆ ಇದ್ದರೆ ಅದನ್ನೂ ಕೊಡಿ ಎಂದರು. ಒಟಿಲಿಯಾ ಕಿಸೆಯಿಂದ ತೆಗೆದುಕೊಟ್ಟಳು.

ಎರಡು ದಿನದ ಮೇಲೆ ಉತ್ತರ ಬಂದಾಗ ಚಿಕಿತ್ಸಾಲಯದ ವೈದ್ಯೆ ಅಕ್ಕತಂಗಿಯರಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಕಣ್ಣಿನಲ್ಲಿ ಬೆಳೆದದ್ದೂ ಸೀಸೆಯ ಮೂತಿಯಲ್ಲಿ ಬೆಳೆದದ್ದೂ ಒಂದೇ ರೋಗಾಣು. ಸಾಮಾನ್ಯವಾಗಿ ಕೊಡುವ ಹನಿಗಳು ಅದಕ್ಕೆ ನೀರಿಗೆ ಸಮ. ನಗರದ ಆಸ್ಪತ್ರೆಯಲ್ಲಿ ವಿಶೇಷವಾಗಿ ತಯಾರಿಸುವ ಬಲವಾದ ಹನಿ ಹಾಕಬೇಕು, ಹಗಲೂ ರಾತ್ರಿ, ಗಂಟೆಗೊಮ್ಮೆ. ದೃಷ್ಟಿ ಉಳಿಯುತ್ತದೆಯೇ ಎಂದು ಚೆಲೊ ಕೇಳಿದಳು. ಬೇಗ ಬಂದಿದ್ದೀರಿ, ಆದರೆ ಮಾತು ಕೊಡಲಾರೆ ಎಂದಳು ವೈದ್ಯೆ.

ಒಟಿಲಿಯಾಗೆ ಒಂದು ಸಂಗತಿ ಮಾತ್ರ ಬಗೆಹರಿಯಲಿಲ್ಲ. ರೋಗಾಣು ಕೊಲ್ಲುವ ಔಷಧವನ್ನೇ ತಾನು ಬೆರೆಸಿದ್ದಳಲ್ಲ, ಅದೇ ಸೀಸೆಯಲ್ಲಿ ರೋಗಾಣು ಹೇಗೆ ಬದುಕಿತು? ವಾಪಸು ಬರುವ ದಾರಿಯಲ್ಲಿ ನಿಯೆವೆಸ್‌ಳನ್ನು ಕೇಳಿದಳು.

"ಹಾಲಿಗೆ ಹೆಪ್ಪು ಹಾಕ್ತೀವಲ್ಲ ಅಕ್ಕಾ, ಹಾಗೆ," ಎಂದಳು ನಿಯೆವೆಸ್. "ನೀವು ಹಾಕಿದ್ದು ಹಳೇ ಔಷಧಿ, ನೀರಾದ ಔಷಧಿ. ಬಡಕಲು ರೋಗಾಣು ಸತ್ವು. ಗಟ್ಟಿಯಾದವು ಅದನ್ನ ಕುಡಿದು ಅರಗಿಸ್ಕೊಂಡ್ವು. ಹಳೇದರ ಮೇಲೆ ಹೊಸದು ಸುರಿದಾಗಲೆಲ್ಲ ಆ ಗಟ್ಟಿ ಜಾತೀನೇ ಹೆಪ್ಪು ಹಾಕಿ ಬೆಳೆಸಿದ ಹಾಗಾಯ್ತು. ಆಮೇಲೆ ಅದನ್ನ ಮರಗಟ್ಟಿದ ಕಣ್ಣಿಗೆ ಬಿಟ್ರಿ. ಕಸ ಬಿದ್ರೆ ಗೊತ್ತಾಗಲ್ಲ, ಉಜ್ಜಿದ್ರೆ ಗಾಯ ಆಗಿದ್ದು ಗೊತ್ತಾಗಲ್ಲ, ನೀರೂ ಬರಲ್ಲ. ಬಾಗಿಲು ತೆಗೆದು, ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟು, ಕಳ್ಳನ್ನ ಒಳಗೆ ಕರೆದ ಹಾಗೆ."

"ಆ ಮೂತಿ ನನ್ನ ಕಣ್ಣಿಗೂ ತಾಗಿದೆ."

"ತಾಗಿದೆ. ಆದ್ರೆ ನೀವು ನಿಮ್ಮ ಪಾಲು ತಂಗಿಗೆ ಕೊಟ್ಟು ದಿನಾ ನೀರು ಸುರಿಸ್ತಾ ನಿಂತಿದ್ರಿ. ಅದಕ್ಕೇ ಉಳಿದ್ರಿ ಅಂತ ಆಣೆ ಮಾಡಲ್ಲ. ಇದ್ರೂ ಇರ್ಬಹುದು."

ಪ್ರೀತಿಯಿಂದ ಕೊಟ್ಟದ್ದು ತಂಗಿಯ ಕಣ್ಣು ತಿಂದಿತು. ಇದನ್ನು ತಲೆಗೆ ತೆಗೆದುಕೊಂಡು ಮೂಲೆಯಲ್ಲಿ ಕೂತು ಅಳುವ ಹೆಂಗಸಲ್ಲ ಒಟಿಲಿಯಾ. ಅತ್ತಳು ನಿಜ, ಕಾರಿನಲ್ಲಿ, ಒಂದು ಊರಿನಿಂದ ಇನ್ನೊಂದು ಊರಿನವರೆಗೆ. ಆಮೇಲೆ ಮುಖ ಒರೆಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. ಕಣ್ಣೀರು ಒಳ್ಳೆಯದೇ ಆದರೆ ಅದನ್ನು ನಿಲ್ಲಿಸುವ ಗತಿ ನಮಗೆ ಯಾಕೆ ಬಂತು? ಉತ್ತರವನ್ನೂ ತಾನೇ ಹೇಳಿಕೊಂಡಳು. ಪಟ್ಟಿ ನಿಲ್ಲಬಾರದು ಎಂದು. ಫ್ಯಾನು ರಿಪೇರಿ ಮಾಡಿಸುವುದಕ್ಕಿಂತ ಹೆಂಗಸರ ಕಣ್ಣು ಅಗ್ಗವಾಗಿ ಸಿಗುತ್ತದೆ ಎಂದು.

ಮರುದಿನ ಅವಳು ಶೆಡ್ಡಿಗೆ ಹೋದಳು. ವ್ಯಾನು ಓಡಿಸುವವರಿರಲಿಲ್ಲ, ಹೆಂಗಸರೆಲ್ಲ ಕಾಲುವೆಯ ಏರಿಯ ಮೇಲೆ ನಡೆದೇ ಬಂದಿದ್ದರು. ದಾರಿಯುದ್ದಕ್ಕೂ ಅವಳು ನಡೆದದ್ದನ್ನೆಲ್ಲ ಹೇಳಿದಳು, ತನ್ನ ಸೀಸೆಯನ್ನೂ ಬಿಡದೆ. ಎಲ್ಲರೂ ಒಂದು ಸಲ ಕಣ್ಣು ತೋರಿಸಿಕೊಳ್ಳಬೇಕೆಂದಳು. ಚಿಕ್ಕಮ್ಮ ಸತ್ತಳಾ ಎಂದು ಟೊಮಾಸಾ ಕೇಳಿದಳು. ಸತ್ತಳು, ಇನ್ನು ಹುಟ್ಟಲ್ಲ ಎಂದಳು ಒಟಿಲಿಯಾ. ಚಿಕ್ಕಮ್ಮ ಇಲ್ಲದೆ ಈ ಘಾಟಿನಲ್ಲಿ ಹೇಗೆ ನಿಲ್ಲುವುದು, ಹೊಟ್ಟೆಗೇನು ಮಾಡುವುದು ಎಂದು ಒಬ್ಬಿಬ್ಬರು ಗೊಣಗಿದರು. ಅವರ ಗೊಣಗಾಟ ಸುಳ್ಳಲ್ಲ.

ಪಟ್ಟಿಯ ತಲೆಯಲ್ಲಿ, ಒಟಿಲಿಯಾ ನಿಲ್ಲುವ ಜಾಗದಲ್ಲೇ, ಹೊಸದೊಂದು ಸೀಸೆ ಕಾದಿತ್ತು. ಬುಲ್ಮಾರೊ ತಂದಿಟ್ಟಿದ್ದ. ಅಷ್ಟು ದಿನ ಹೆಂಗಸರ ಗುಟ್ಟಾಗಿದ್ದದ್ದು ಅವನಿಗೂ ಗೊತ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದಂತಿದ್ದ.

"ನಿಮ್ಮ ಚಿಕ್ಕಮ್ಮನ ತಂಗಿ," ಎಂದ ನಗುತ್ತ. "ಹೊಸದು, ಶುದ್ಧವಾದದ್ದು. ಹಾಕ್ಕೊಂಡು ಕೆಲಸ ಶುರುಮಾಡಿ."

ಒಟಿಲಿಯಾ ಸೀಸೆ ಕೈಗೆತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದರು. ಅವಳು ಅದನ್ನು ಬುಲ್ಮಾರೊನ ಕಡೆ ಚಾಚಿದಳು.

"ಮೊದಲು ನೀನು ಹಾಕ್ಕೋ ಮೇಸ್ತ್ರಿ. ಎರಡೂ ಕಣ್ಣಿಗೆ. ಸಂಜೆ ತನಕ ನಮ್ಮ ಜೊತೆ ಇಲ್ಲೇ ನಿಂತ್ಕೋ. ನಾಳೆ ನಾವೂ ಹಾಕ್ಕೋತೀವಿ."

ಅವನ ನಗು ಇಳಿಯಿತು. ನನಗ್ಯಾಕೆ, ನಾನೇನು ಅಳುತ್ತಿದ್ದೇನಾ ಎಂದ. ಕೈ ಮಾತ್ರ ಮುಂದೆ ಬರಲಿಲ್ಲ. ಒಟಿಲಿಯಾ ಸೀಸೆಯನ್ನು ಅವನ ಅಂಗಿಯ ಜೇಬಿಗೆ ಇಳಿಬಿಟ್ಟು ತನ್ನ ಜಾಗಕ್ಕೆ ಹೋಗಿ ನಿಂತಳು. ಪಟ್ಟಿ ಶುರುವಾಯಿತು.

ಸ್ವಲ್ಪ ಹೊತ್ತಿಗೇ ಎಲ್ಲರ ಕಣ್ಣೂ ತುಂಬಿತು. ಪಟ್ಟಿಯ ಪಕ್ಕದಲ್ಲಿ ಸೊಂಟದೆತ್ತರಕ್ಕೆ ಒಂದು ಕೆಂಪು ಹಗ್ಗ ಹಾದುಹೋಗುತ್ತದೆ. ಕೈ ಸಿಕ್ಕಿಹಾಕಿಕೊಂಡರೆ ಎಳೆಯಲಿ, ಪಟ್ಟಿ ನಿಲ್ಲಲಿ ಎಂದು ಕಾನೂನು ಹಾಕಿಸಿದ ಹಗ್ಗ. ಕೈ ಹೋದರೆ ಎಳೆಯಬಹುದಾದ ಹಗ್ಗವನ್ನು ಕಣ್ಣು ಹೋಗುವಾಗ ಯಾಕೆ ಎಳೆಯಬಾರದು? ಒಟಿಲಿಯಾ ಎಳೆದಳು. ಪಟ್ಟಿ ಗಕ್ಕನೆ ನಿಂತಿತು. ಅವಳು ಕಣ್ಣು ಮುಚ್ಚಿ ನಿಂತಳು. ನೀರು ಕೆನ್ನೆಯ ಮೇಲೆ ಇಳಿದು, ಕಣ್ಣು ತಿಳಿಯಾಗುವವರೆಗೆ ಉಜ್ಜದೆ ಕಾದಳು. ಆಮೇಲೆ ಹಗ್ಗ ಬಿಟ್ಟು, ಗುಂಡಿ ಒತ್ತಿ ಪಟ್ಟಿ ಮತ್ತೆ ಹಾಯಿಸಿದಳು. ಬುಲ್ಮಾರೊ ಓಡಿ ಬಂದು, ಇನ್ನೊಂದು ಸಲ ಮುಟ್ಟಿದರೆ ಮನೆಗೆ ಕಳಿಸುತ್ತೇನೆ ಎಂದು ಕೂಗಾಡಿದ.

ಅವನು ಬೆನ್ನು ತಿರುಗಿಸಿದ್ದೇ ತಡ, ಟೊಮಾಸಾ ಎಳೆದಳು.

"ಕಣ್ಣು ಕಾಣ್ತಿಲ್ಲ ಸ್ವಾಮಿ," ಎಂದಳು ಮುದುಕಿ, ಕೆನ್ನೆಯೆಲ್ಲ ಒದ್ದೆ. "ಕಾಣದೆ ಕಲ್ಲು ಬಿಟ್ರೆ ಬಯ್ತೀರಿ. ನಿಲ್ಸಿದ್ರೂ ಬಯ್ತೀರಿ. ಬಯ್ಸಿಕೊಳ್ಳೋದೇ ಆದ್ರೆ ಕಣ್ಣಾದ್ರೂ ಉಳಿಸ್ಕೋತೀನಿ."

ಆಮೇಲೆ ಇನ್ನೊಬ್ಬಳು. ಅವಳ ಆಚೆಯವಳು. ಯಾರೂ ಘೋಷಣೆ ಕೂಗಲಿಲ್ಲ, ಬಾವುಟ ಹಿಡಿಯಲಿಲ್ಲ. ಕಣ್ಣು ತುಂಬಿದವಳು ಹಗ್ಗ ಎಳೆದಳು, ತಿಳಿಯಾದಾಗ ಬಿಟ್ಟಳು, ಅಷ್ಟೆ. ಎಲ್ಲರನ್ನೂ ಮನೆಗೆ ಕಳಿಸಿದರೆ ಬಿಸಿಗಾಳಿಯ ಕೋಣೆಯಲ್ಲಿ ಕಾಯಿ ಕರಿಯಾಗುತ್ತದೆ ಎಂಬುದು ಬುಲ್ಮಾರೊನಿಗೂ ಗೊತ್ತು, ಅವನ ಮೇಲಿನವರಿಗೂ ಗೊತ್ತು. ನಿಯೆವೆಸ್ ಸುಮ್ಮನೆ ಕೂರಲಿಲ್ಲ. ಕೆಲಸಗಾರರ ಸುರಕ್ಷತೆ ನೋಡುವ ಕಚೇರಿಗೆ ದೂರು ಬರೆದಳು, ಹೆಂಗಸರು ಸಹಿ ಹಾಕಿದರು, ಹೆದರಿದವರ ಹೆಸರನ್ನು ಹೊರಗಿಟ್ಟರು. ಆ ವಾರ ಮುಗಿಯುವುದರೊಳಗೆ ಏಣಿ ಹೊತ್ತುಕೊಂಡು ಇಬ್ಬರು ಬಂದು ಫ್ಯಾನು ಬಿಚ್ಚಿದರು. ಖಾಲಿಯಾದ ಗುಬ್ಬಚ್ಚಿ ಗೂಡನ್ನು ಟೊಮಾಸಾ ಮನೆಗೊಯ್ದಳು. ಮುಖಕ್ಕೆ ಸರಿಯಾಗಿ ಕೂರುವ ಕನ್ನಡಕ ಬಂತು. ಬಾಗಿಲ ಬಳಿ ಸೋಪು, ಹರಿಯುವ ನಲ್ಲಿ ಬಂತು. ಘಾಟು ಪೂರ್ತಿ ಹೋಗಲಿಲ್ಲ. ಮೆಣಸಿನಕಾಯಿ ಮೆಣಸಿನಕಾಯಿಯೇ. ಹಗ್ಗವನ್ನು ಈಗಲೂ ಎಳೆಯುತ್ತಾರೆ, ಕಡಿಮೆ.

ಮನೆಯಲ್ಲಿ ಹಗಲು ಚೆಲೊ ತಾನೇ ಹನಿ ಹಾಕಿಕೊಂಡರೆ, ಕೆಲಸದಿಂದ ಬಂದ ಮೇಲೆ ರಾತ್ರಿಯೆಲ್ಲ ಒಟಿಲಿಯಾ ಗಂಟೆಗೊಮ್ಮೆ ತಂಗಿಯ ಕಣ್ಣಿಗೆ ಹನಿ ಬಿಟ್ಟಳು. ಪ್ರತಿ ಸಲವೂ ಕೈ ತೊಳೆದು, ಮೂತಿ ರೆಪ್ಪೆಗೆ ತಾಗದಂತೆ. ಮೊದಮೊದಲು ಮಂಪರು ಇಳಿದು ಕಣ್ಣಿನ ಒಳಗೆ ನೋವು ಶುರುವಾದಾಗ ಚೆಲೊ ಹಲ್ಲು ಕಚ್ಚಿ ಅತ್ತಳು, ಒಂದೇ ಕಣ್ಣಿನಲ್ಲಿ. ಒಂದೇ ಒಂದು ಹನಿ ಚಿಕ್ಕಮ್ಮನನ್ನು ಕೊಡು ಅಕ್ಕಾ ಎಂದು ಅಂಗಲಾಚಿದಳು. ಕೊಡಲ್ಲ, ಬೇಕಾದರೆ ನನ್ನ ಕೈ ಕಚ್ಚು ಎಂದಳು ಒಟಿಲಿಯಾ. ಚೆಲೊ ನಿಜವಾಗಿಯೂ ಕಚ್ಚಿದಳು. ಬಿಳಿ ಚುಕ್ಕೆ ಹರಡುವುದು ನಿಂತಿತು, ಆಮೇಲೆ ಕಿರಿದಾಯಿತು, ಕೊನೆಗೆ ಹೊಗೆಯಂಥ ಒಂದು ಕಲೆ ಮಾತ್ರ ಉಳಿಯಿತು. ದೃಷ್ಟಿ ಉಳಿಯಿತು, ಮೊದಲಿನಷ್ಟು ಚೂಪಾಗಿ ಅಲ್ಲ. ಗಾಡಿ ಓಡಿಸಬಹುದು ಎಂದಳು ವೈದ್ಯೆ. ಆದರೆ ಆ ಕಣ್ಣಿಗೆ ನೀರು ಮತ್ತು ಸ್ಪರ್ಶ ಮರಳಲು ಕಾಲ ಬೇಕು, ಅದು ಮರಳಿದರೆ ಮಾತ್ರ ಕಣ್ಣು ತನ್ನ ಕಾಲ ಮೇಲೆ ತಾನು ನಿಂತಂತೆ ಎಂದಿದ್ದಳು.

ಕ್ರಿಸ್‌ಮಸ್ ಹತ್ತಿರ ಬಂತು. ಹಿಟ್ಟಿನಲ್ಲಿ ಮಾಂಸ ತುಂಬಿ ಗರಿಯಲ್ಲಿ ಸುತ್ತಿ ಬೇಯಿಸುವ ತಮಾಲೆ ಮಾಡಬೇಕು, ಮಾಂಸಕ್ಕೆ ಕೆಂಪು ಮೆಣಸಿನಕಾಯಿಯ ಗೊಜ್ಜು ಬೇಕು. ಒಟಿಲಿಯಾ ಹೆಂಚಿನ ಮೇಲೆ ಕಾಯಿ ಹುರಿಯುತ್ತಿದ್ದಳು, ಚೆಲೊ ಎದುರಿಗೆ ಕೂತು ಮೆಕ್ಕೆಜೋಳದ ಗರಿ ನೆನೆಸಿ ಬಿಡಿಸುತ್ತಿದ್ದಳು. ಒಂದು ಕಾಯಿ ಕಮರಿ ಘಾಟು ಎದ್ದಿತು. ಇಬ್ಬರೂ ಕೆಮ್ಮಿದರು. ಒಟಿಲಿಯಾ ಕಿಟಕಿ ತೆರೆದು ತಿರುಗಿದಳು.

ಚೆಲೋಳ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಎರಡು ಕೆನ್ನೆಯ ಮೇಲೂ ನೀರು ಇಳಿಯುತ್ತಿತ್ತು.

"ಅಯ್ಯೋ, ಉರೀತಿದೆ ಅಕ್ಕಾ," ಎಂದಳು ಚೆಲೊ. ಆಮೇಲೆ ತಡೆದು, ಬೆರಳಿನಿಂದ ಬಲಗೆನ್ನೆ ಮುಟ್ಟಿ ನೋಡಿಕೊಂಡಳು. "ಈ ಕಡೇನೂ."

ಒಟಿಲಿಯಾ ಸೆರಗಿನಂತೆ ಹೆಗಲ ಮೇಲಿದ್ದ ಬಟ್ಟೆ ಎತ್ತಿದಳು, ಒರೆಸಲಿಲ್ಲ.

"ಇರ್ಲಿ ಬಿಡು," ಎಂದಳು. "ಹರೀಲಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬ್ಯಾಡಗಿಯ ಮೆಣಸಿನಕಾಯಿ ಮಂಡಿಯಲ್ಲಿ ತೊಟ್ಟು ಬಿಡಿಸುವವರೇ, ಕಲ್ಲು ಒಡೆಯುವವರೇ, ವೆಲ್ಡಿಂಗ್ ಮಾಡುವವರೇ, ಒಲೆಯ ಮುಂದೆ ಕೂರುವವರೇ, ನಿಮ್ಮ ಕಣ್ಣೀರು ನಿಮ್ಮ ಸೋಲಲ್ಲ. ನಿಮ್ಮ ಕಣ್ಣಿಗೆ ಹುಟ್ಟಿನಿಂದ ಬಂದ ಕಾವಲು ಅದು. ಅದನ್ನು ನಿಲ್ಲಿಸುವ ಹನಿಯನ್ನು ಯಾರು ಕೊಟ್ಟರೂ, ಎಷ್ಟು ಪ್ರೀತಿಯಿಂದ ಕೊಟ್ಟರೂ, ಬೇಡವೆನ್ನಿ. ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬೇಡಿ. ಕೈ ತೊಳೆದು, ಹರಿಯುವ ಶುದ್ಧ ನೀರಿನಲ್ಲಿ ಕಣ್ಣು ತೊಳೆಯಿರಿ. ಮನೆಯ ಕಪಾಟಿನಲ್ಲಿ ಉಳಿದಿರುವ ಹಳೆಯ ಕಣ್ಣಿನ ಔಷಧವನ್ನು ಇವತ್ತೇ ಹುಡುಕಿ ತೆಗೆಯಿರಿ. ಅದನ್ನು ಇನ್ನೊಬ್ಬರಿಗೆ ಕೊಡಬೇಡಿ, ಇನ್ನೊಂದಕ್ಕೆ ಬೆರೆಸಬೇಡಿ. ಆಶಾ ಕಾರ್ಯಕರ್ತೆಯನ್ನೋ ಔಷಧಿ ಅಂಗಡಿಯವರನ್ನೋ ಕೇಳಿ ವಿಲೇವಾರಿ ಮಾಡಿ. ವೈದ್ಯರು ಬರೆದುಕೊಟ್ಟ ಔಷಧವನ್ನು ಅವರು ಹೇಳಿದಷ್ಟು ದಿನ ಹಾಕಿ. ಅರ್ಧಕ್ಕೆ ಬಿಟ್ಟು ರೋಗಾಣುವಿಗೆ ಪಾಠ ಕಲಿಸಿಕೊಡಬೇಡಿ. ನೋವಿರಲಿ ಇಲ್ಲದಿರಲಿ, ಕಣ್ಣು ಕೆಂಪಾಗಿದ್ದರೆ, ಮಂಜಾಗಿದ್ದರೆ, ಬಿಳಿ ಚುಕ್ಕೆ ಕಂಡರೆ, ಕಣ್ಣೀರೇ ನೋಡಿಕೊಳ್ಳಲಿ ಎಂದು ಕೂರಬೇಡಿ. ಕಣ್ಣೀರು ಬಾಗಿಲು ಕಾಯುತ್ತದೆ, ಒಳಗೆ ನುಗ್ಗಿದವನನ್ನು ಓಡಿಸಲು ವೈದ್ಯರೇ ಬೇಕು. ಅದೇ ದಿನ ಹೋಗಿ.

ಇನ್ನು, ನಿಮ್ಮನ್ನು ದಿನವೂ ಅಳಿಸುವ ಹೊಗೆಯೋ ದೂಳೋ ಘಾಟೋ ಇದ್ದರೆ, ತಪ್ಪು ಕಣ್ಣಿನದಲ್ಲ. ಆ ದೂಳನ್ನು ಹೀರಬೇಕಾದ ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು ನಾಲ್ಕು ಜನ ಸೇರಿ ಕೇಳಿ. ಒದ್ದೆ ಕಣ್ಣಿನಲ್ಲೇ ಕೇಳಿ.